ನಿಮ್ಮ ಅಂಗಳದ ಗೋಲ್ ಕಂಬ

ಕೋಚ್ ಹ್ಯಾಚರ್ ಅವರಿಗೆ,

ಮಗಳ ಮನೆಯಿಂದ ವಾಪಸ್ ಬಂದಾಗ ನಿಮ್ಮ ಅಂಗಳದಲ್ಲಿ ಬಿದ್ದಿರುವ ಹಳದಿ ಗೋಲ್ ಕಂಬ ನೋಡಿ ಪೊಲೀಸರಿಗೆ ಫೋನ್ ಮಾಡಬೇಡಿ. ಅದು ನಮ್ಮ ಕಾಲೇಜಿನದೇ.

ಹನ್ನೊಂದು ವರ್ಷ ನಮಗೆ ಮಣ್ಣು ಮುಕ್ಕಿಸಿದ ಪೆಲ್‌ಬ್ರೂಕ್ ಕಾಲೇಜಿಗೆ ಶನಿವಾರದ ಫುಟ್‌ಬಾಲ್ ಪಂದ್ಯದಲ್ಲಿ ನಮ್ಮ ಹುಡುಗರು ಮಣ್ಣು ಮುಕ್ಕಿಸಿದರು! ಜನ ಮೈದಾನಕ್ಕೆ ನುಗ್ಗಿ, ನಾನು ಎಷ್ಟು ಬೈದರೂ ಕೇಳದೆ ಕಂಬ ಕಿತ್ತರು. ದೊಡ್ಡ ಪಂದ್ಯ ಗೆದ್ದರೆ ಅದನ್ನು ಹೊಳೆಗೆ ಎಸೆಯುವುದು ನಮ್ಮೂರ ಪದ್ಧತಿ ತಾನೆ? ಸೇತುವೆಯ ಹತ್ತಿರ ನಿಮ್ಮ ಜಾಗಕ್ಕೆ ಬಂದ ಹೊಸ ಕೋಚ್ ಡೆಲ್ಬರ್ಟ್ ಅಡ್ಡ ನಿಂತ.

"ಹೊಳೆಗೆ ಬೇಡ್ರೋ! ಈ ಹುಡುಗರನ್ನ ಮನೆಮನೆ ಅಲೆದು ತಂಡಕ್ಕೆ ಕರ್ಕೊಂಡು ಬಂದೋರು ಹ್ಯಾಚರ್. ನಾನು ಬಂದು ಹತ್ತೇ ತಿಂಗಳಾಯ್ತು. ನಡೀರಿ ಅವರ ಮನೆಗೆ," ಅಂದ.

ಹೋದ ವರ್ಷ ಸೋತಾಗ ನಿಮ್ಮನ್ನು ಊರಿಂದ ಓಡಿಸಲು ನಿಮ್ಮ ಅಂಗಳದಲ್ಲಿ 'ಈ ಮನೆ ಮಾರಾಟಕ್ಕಿದೆ' ಎಂಬ ಬೋರ್ಡು ನೆಟ್ಟರಲ್ಲ, ಅವರೇ ಹೆಗಲು ಕೊಟ್ಟು, ನಿಮ್ಮ ಹೆಸರು ಕೂಗುತ್ತಾ ಕಂಬವನ್ನು ಎರಡು ಮೈಲಿ ಹೊತ್ತರು.

ಮುಂದಿನ ಶನಿವಾರ ಮತ್ತೆ ಪಂದ್ಯವಿದೆ, ಕಂಬ ಬೇಕು. ಗುರುವಾರ ಬೆಳಿಗ್ಗೆ ಟ್ರಕ್ ತರುತ್ತೇನೆ. ನೀವೂ ಹತ್ತಿ ಬನ್ನಿ. ನೆಡುವಾಗ ಬೆಣೆಗೆ ಮೊದಲ ಏಟು ನಿಮ್ಮದೇ ಆಗಬೇಕು.

ಆ ಬೋರ್ಡು ನೆಡಲು ಅವರಿಗೆ ಸುತ್ತಿಗೆ ಕೊಟ್ಟವನು ನಾನು, ಕೋಚ್. ಗುರುವಾರ ಆ ಸುತ್ತಿಗೆಯನ್ನೇ ತರುತ್ತೇನೆ.

ನಿಮ್ಮ ಮೈದಾನ ಕಾಯುವ
ಇನಸ್ ಪ್ರೂಯಿಟ್
ಕೆಟಲ್ ಕ್ರೀಕ್, ಒಹಾಯೊ