ನಿಂಬೆವ್ವಜ್ಜಿ, ನಿನ್ನದೊಂದು ತಪ್ಪು ಬೇಕು

ಬಾದಾಮಿ
ಇಸವಿ ೨೧೯೩, ಬಿರುಬೇಸಿಗೆಯ ತೊಂಬತ್ತೆರಡನೆಯ ದಿನ

ಪ್ರೀತಿಯ ನಿಂಬೆವ್ವಜ್ಜಿಗೆ,

ತಾರೀಖು ನೋಡಿ ಹುಬ್ಬೇರಿಸಬೇಡ. ನಮ್ಮಲ್ಲಿ ತಾರೀಖು ಬರೆಯುವುದು ಋತುವಿನ ಲೆಕ್ಕದಲ್ಲಿ. ವರ್ಷಕ್ಕೆ ಐದೇ ಋತು, ಅದರಲ್ಲಿ ಬಿರುಬೇಸಿಗೆಯೇ ಎಲ್ಲಕ್ಕಿಂತ ಉದ್ದ. ನೀನು ನನ್ನ ಅಜ್ಜಿಯ ಅಜ್ಜಿಗೆ ಅಜ್ಜಿ. ಆದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ ಈ ಕಾಗದ ನಿನ್ನ ಕೈಗೆ ಸಿಗುವಾಗ ನಿನಗೂ ನನ್ನ ಹಾಗೆ ಹತ್ತೊಂಬತ್ತು ವರ್ಷ, ಆದ್ದರಿಂದ ಅಜ್ಜಿ ಎಂದಿದ್ದಕ್ಕೆ ಕ್ಷಮಿಸು. ನನ್ನ ಕೆಲವು ಮಾತು ವಿಚಿತ್ರವಾಗಿ ಕೇಳಿಸಬಹುದು. ಅದರಲ್ಲಿ ಅರ್ಧ ದೋಷ ಕಾಲದ್ದು, ಉಳಿದರ್ಧ ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟ ಈ ತಂಗೆವ್ವನದು.

ನಾನು ಹೊರಗಾರ್ತಿ ಆಗಬೇಕೆಂದಿದ್ದೇನೆ. ಆ ಪದ ನಿನಗೆ ಗೊತ್ತಿರಲಿಕ್ಕಿಲ್ಲ. ಇಲ್ಲಿ ಜನ ಹೆಚ್ಚಾಗಿ ಒಳಹಾದಿಗಳಲ್ಲೇ ಓಡಾಡುತ್ತಾರೆ. ಒಳಹಾದಿ ಎಂದರೆ ಮನೆಯಿಂದ ಮನೆಗೆ, ಮನೆಯಿಂದ ಸಂತೆಗೆ ಬಿಸಿಲು ತಾಗದಂತೆ ಕಟ್ಟಿದ ತಂಪು ಓಣಿ. ಅದರ ನೆಲ ಎಷ್ಟು ನುಣುಪೆಂದರೆ, ಹತ್ತು ವರ್ಷದ ಮಕ್ಕಳು ಮೊದಲ ಸಲ ಹೊರಗೆ ಬಂದಾಗ ಕಲ್ಲಿನ ಮೇಲೆ ಹೇಗೆ ಕಾಲಿಡಬೇಕೆಂದು ತಿಳಿಯದೆ ನಿಂತುಬಿಡುತ್ತಾರೆ. ಗಾಳಿ ಬೀಸಿದರೆ ಯಾರೋ ತಳ್ಳಿದರೆಂದು ಹಿಂದೆ ತಿರುಗಿ ನೋಡುತ್ತಾರೆ. ಅವರ ಕೈ ಹಿಡಿದು ನಡೆಸಿ, ಬಂಡೆ ಹತ್ತಿಸಿ, ಹೊಳೆಗಿಳಿಸಿ ಧೈರ್ಯ ಕಲಿಸುವವರೇ ಹೊರಗಾರರು. ನಿಮ್ಮ ಕಾಲದಲ್ಲಿ ಸಾಹಸ ತರಬೇತುದಾರರು ಅನ್ನುತ್ತಿದ್ದರಂತೆ. ಅದನ್ನು ಕಲಿಯಲು ವಸತಿ ಶಾಲೆಗಳಿವೆ, ಕಲಿಯುವಷ್ಟು ದಿನ ಅಲ್ಲೇ ಉಳಿಯಬೇಕು. ಎರಡು ಶಾಲೆ ನನ್ನನ್ನು ಕರೆದಿವೆ. ಯಾವುದಕ್ಕೆಂದು ನಾಳೆಯೊಳಗೆ ಹೇಳಬೇಕು.

ಮೊದಲನೆಯದು ಕೆರೆಯ ದಂಡೆಯಲ್ಲಿದೆ. ಮೂರು ತಿಂಗಳ ಕಲಿಕೆ, ತಂಪು ಕೋಣೆ, ಕೊನೆಗೆ ಎಲ್ಲ ಊರಲ್ಲೂ ನಡೆಯುವ ಪ್ರಮಾಣಪತ್ರ. ಪ್ರವೇಶ ಪರೀಕ್ಷೆಯ ದಿನ ಇಮಾಮ್ ಎಂಬ ಹುಡುಗ ಬಂಡೆ ಹತ್ತಿದ, ಕೆಳಗೆ ಅವನ ಹಗ್ಗ ಹಿಡಿದವಳು ನಾನು. ಅವನು ಇಳಿದ ಮೇಲೆ ನೋಡಿಕೊಂಡರೆ, ನನ್ನ ಸೊಂಟದ ಪಟ್ಟಿಗೂ ಹಗ್ಗಕ್ಕೂ ನಡುವಿನ ಕಬ್ಬಿಣದ ಕೊಂಡಿಯ ತಿರುಪನ್ನು ನಾನು ಬಿಗಿ ಮಾಡಿಯೇ ಇರಲಿಲ್ಲ. ಅವನ ಜೀವ ಅಷ್ಟು ಹೊತ್ತು ಯಾವಾಗ ಬೇಕಾದರೂ ಬಾಯಿ ತೆರೆಯಬಹುದಾದ ಕೊಂಡಿಯಲ್ಲಿತ್ತು. ಗುರುಗಳಿಗೆ ಹೋಗಿ ಹೇಳಿದೆ. ಏನೂ ಆಗಲಿಲ್ಲವಲ್ಲ, ಸುಮ್ಮನಿರು ಎಂದರು. ಇಲ್ಲಿ ಎಷ್ಟು ಜನ ಬಿದ್ದಿದ್ದಾರೆ ಎಂದು ಕೇಳಿದೆ. ಒಬ್ಬರೂ ಇಲ್ಲ ಎಂದರು. ಸಂಜೆ ಕೊಟ್ಟ ಆಯ್ಕೆ ಪತ್ರದಲ್ಲಿ 'ದೋಷವಿಲ್ಲದ ಕೈ' ಎಂದು ಬರೆದಿತ್ತು. ಸುಳ್ಳು ಹೇಳುವುದಿಲ್ಲ ಅಜ್ಜಿ, ಓದಿ ಖುಷಿಯಾಯಿತು. ಓಣಿಯಲ್ಲಿ ಮೂರು ಮನೆಗೆ ತೋರಿಸಿಯೂ ಬಂದೆ.

ಎರಡನೆಯದು ಗುಡ್ಡದ ಮೇಲಿನ ಶಾಲೆ. ಅಲ್ಲಿ ಹತ್ತು ತಿಂಗಳು. ಮಲಗುವುದು ಡೇರೆಯಲ್ಲಿ, ರೊಟ್ಟಿ ನಾವೇ ಬಡಿಯಬೇಕು. ಇಮಾಮನೂ ಅಲ್ಲಿಗೆ ಪರೀಕ್ಷೆಗೆ ಬಂದಿದ್ದ. ಶಾಲೆ ನಡೆಸುವ ಸಾವಂತ್ರಕ್ಕನಿಗೆ ಅರವತ್ತರ ಮೇಲಾಗಿದೆ, ಮಾತು ಕಮ್ಮಿ. ಅಲ್ಲಿಯ ಪದ್ಧತಿಯೊಂದು ನನಗೆ ಹೊಸದು. ಹತ್ತುವ ಮುಂಚೆ ಬಿಗಿಯಾಗಿದೆಯಾ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಜೊತೆಯವರ ಕೊಂಡಿಗೆ ಕೈಹಾಕಿ ತಾವೇ ತಿರುಗಿಸಿ ನೋಡುತ್ತಾರೆ. ಇದಕ್ಕೆ ಕೈಮಾತು ಎನ್ನುತ್ತಾರೆ. ಸಾವಂತ್ರಕ್ಕ ನನ್ನ ಕೊಂಡಿಗೆ ಕೈಹಾಕಿದಳು. ತಿರುಪು ಸಡಿಲವಾಗಿತ್ತು. ಮತ್ತೆ ಅದೇ ತಪ್ಪು.

ಬೈಯಲಿಲ್ಲ. "ಕಣ್ಣು ನಿನ್ನೀದು ನೋಡತೈತಿ ತಂಗಿ, ಕೈ ಇವತ್ತಿಂದು ನೋಡತೈತಿ" ಎಂದಷ್ಟೇ ಹೇಳಿ, ಡೇರೆಯಿಂದ ದಪ್ಪನೆಯ ಪುಸ್ತಕವೊಂದನ್ನು ತಂದಳು. ಶಾಲೆ ಶುರುವಾದಾಗಿನಿಂದ ಆದ ತಪ್ಪುಗಳೆಲ್ಲ ಅದರಲ್ಲಿ ಮಾಡಿದವರ ಕೈಬರಹದಲ್ಲೇ ಇವೆ. ಮೊದಲ ಪುಟ ಅವಳದೇ. ಅವಳು ಹಾಕಿದ ಗಂಟು ಜಾರಿ ಅವಳ ಗೆಳತಿಯ ಕಾಲು ಮುರಿದಿತ್ತು. ಆ ಗೆಳತಿ ಇವತ್ತಿಗೂ ಅಲ್ಲೇ ಇದ್ದಾಳೆ, ಕುಂಟುತ್ತ ಬಂದು ನಮಗೆ ಪುಂಡಿಪಲ್ಲೆ ಬಡಿಸಿದಳು. ಬರೆಯುವುದೆಂದರೆ ಆಗದೆ ಶಾಲೆ ಬಿಟ್ಟ ನಾನು ಆ ಪುಸ್ತಕದಲ್ಲಿ ಆರು ಸಾಲು ಬರೆದೆ. ಗುಡ್ಡದ ಮೇಲಿನದಷ್ಟೇ ಅಲ್ಲ, ಕೆರೆಯ ದಂಡೆಯದನ್ನೂ ಬರೆದೆ. ಅದನ್ನು ಇಮಾಮ್ ಓದಿದ. ಅವತ್ತು ತನ್ನ ಹಗ್ಗದ ಕೊಂಡಿ ಸಡಿಲವಿತ್ತೆಂದು ಅವನಿಗೆ ಆಗಲೇ ಗೊತ್ತಾದದ್ದು. ಊಟ ಮುಗಿಯುವವರೆಗೆ ನನ್ನ ಕಡೆ ನೋಡಲಿಲ್ಲ. ತಾಟು ತೊಳೆಯುವಾಗ ಪಕ್ಕಕ್ಕೆ ಬಂದು ನಿಂತ.

"ಇನ್ನ ಮ್ಯಾಲೆ ನಿನ್ನ ಕೊಂಡಿ ನಾ ತಿರಗಸ್ತೀನಿ. ನಂದು ನೀ ತಿರಗಸು."

ಅಲ್ಲಿಗೆ ನನ್ನ ಆಯ್ಕೆ ಮುಗಿಯಿತು. ಆದರೆ ಅವ್ವನದು ಮುಗಿದಿಲ್ಲ. ಪ್ರಮಾಣಪತ್ರ ಬಿಟ್ಟು ಡೇರೆಗೆ ಹೋಗುವವಳ ತಲೆ ನೆಟ್ಟಗಿಲ್ಲ ಎಂಬುದು ಅವಳ ವಾದ. ನಾನು ಯಾವುದನ್ನೂ ಮುಗಿಸಿದವಳಲ್ಲ, ಅದೂ ನಿಜವೇ. ಮೊನ್ನೆ ರೊಟ್ಟಿ ಬಡಿಯುತ್ತ ಅಂದಳು, "ಸಾಲಿ ಬಿಟ್ಟಿ, ಮಗ್ಗ ಬಿಟ್ಟಿ. ಅಲ್ಲಿ ಹಗ್ಗ ಬಿಡಬ್ಯಾಡವಾ, ಮಂದಿ ಬೀಳ್ತಾರ." ನನಗೆ ನಗು ಬಂತು, ಅವಳಿಗೆ ಅಳು ಬಂತು. ಆಮೇಲೆ ನಿನ್ನ ಹೆಸರು ತೆಗೆದಳು. ನಮ್ಮ ಮನೆತನದಲ್ಲಿ ಮೊದಲು ಬಂಡೆ ಹತ್ತಿ, ಊರ ಮಕ್ಕಳಿಗೂ ಹತ್ತಲು ಕಲಿಸಿದವಳು ನೀನು. "ನಿಂಬೆವ್ವ ಜನ್ಮದಾಗ ಒಂದು ಗಂಟು ತಪ್ಪಿದಾಕಿ ಅಲ್ಲ, ನಿನ್ನ ಕೈ ಅಂಥಾದ್ದಲ್ಲ" ಎಂದಳು. ಎರಡು ಸಲ ತಪ್ಪಿದ ಕೈ ನನ್ನದು. ನಾಳೆ ಮಕ್ಕಳ ಹಗ್ಗ ಹಿಡಿಯಲು ಇದು ಯೋಗ್ಯವೋ ಅಲ್ಲವೋ ಎಂದು ನನಗೂ ಅಂಜಿಕೆಯಿದೆ.

ನಿನ್ನ ತಗಡಿನ ಡಬ್ಬಿ ನಮ್ಮ ಗೋಡೆಯ ಮಾಡದಲ್ಲಿ ಇನ್ನೂ ಇದೆ. ಒಳಗೆ ಒಂದು ಪದಕ, ಮಾಸಿದ ಫೋಟೋ, ನೀನು ಕಲಿತ ಶಾಲೆಯ ಪತ್ರ. ಚಿಕ್ಕಂದಿನಿಂದ ಅವನ್ನು ನೋಡುತ್ತ ಬೆಳೆದಿದ್ದೇನೆ. ಫೋಟೋದಲ್ಲಿ ನಿನ್ನ ಮೊಣಕೈಗೆ ಪಟ್ಟಿ ಕಟ್ಟಿದೆ. ಅದು ಹೇಗಾಯಿತೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಯಾರೂ ಕೇಳಿಯೂ ಇಲ್ಲ.

ನೀನೂ ಈಗ ಯಾವ ಶಾಲೆಗೆ ಹೋಗಲಿ ಎಂದು ಯೋಚಿಸುತ್ತಿರಬಹುದು. ನಾನು ಹೇಳುವುದು ಒಂದೇ. ಎಷ್ಟು ಜನ ಬಿದ್ದಿದ್ದಾರೆ ಎಂದು ಕೇಳು, ಲೆಕ್ಕ ಹೇಳಿದವರ ಹತ್ತಿರ ಕಲಿ. ಮತ್ತೆ ನನ್ನದೊಂದು ಬೇಡಿಕೆ. ಮುಂದೆ ಎಂದಾದರೂ, ಜೀವನದಲ್ಲಿ ಮಾಡಿದ ಒಂದೇ ಒಂದು ತಪ್ಪನ್ನು, ಚಿಕ್ಕದಾದರೂ ಸರಿ, ನಿನ್ನ ಕೈಯಾರೆ ಬರೆದು ಆ ಡಬ್ಬಿಯ ತಳದಲ್ಲಿಡು. ಪದಕದ ಕೆಳಗೆ ಜಾಗವಿದೆ.

ನಾಳೆ ಬಿಸಿಲೇರುವ ಮುಂಚೆ ಗುಡ್ಡಕ್ಕೆ ಹೊರಡುತ್ತೇನೆ. ಅದಕ್ಕೆ ಮೊದಲು ಅವ್ವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಡಬ್ಬಿ ತೆರೆದು ಪದಕದ ಕೆಳಗೆ ನೋಡುತ್ತೇನೆ.

ನಿನ್ನ
ತಂಗೆವ್ವ