ಅಡುಗೆಮನೆ ಬಾಗಿಲ ಹಿಂದಿನ ಬಂದೂಕು

ಎಲ್ಮ್ ಲೇಕ್, ವಿಸ್ಕಾನ್ಸಿನ್
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಆರ್ವಿಡ್,

ನಿನ್ನಣ್ಣನ ಮನೆಯಲ್ಲಿ ಚೆನ್ನಾಗಿದ್ದೀಯ ಎಂದುಕೊಂಡಿದ್ದೇನೆ. ಲೆನರ್ಡನ ಕೈಯಡುಗೆ ತಿಂದು ಯಾರಾದರೂ ಚೆನ್ನಾಗಿರುವುದು ಸಾಧ್ಯವಿದ್ದರೆ! ಫೋನಿನಲ್ಲೇ ಹೇಳಿಬಿಡೋಣವೆಂದು ಹೊರಟವಳು ಪ್ರತಿಸಲವೂ ಹಿಮದ ಮಾತಾಡಿ ಇಟ್ಟುಬಿಟ್ಟೆ. ಊರವರ ಬಾಯಿಂದ ನಿನ್ನ ಕಿವಿಗೆ ಬೀಳುವ ಮುಂಚೆ ಇದನ್ನು ನಾನೇ ತಿಳಿಸಬೇಕು.

ಪಕ್ಕದ ಮನೆಯ ಡೆಲ್ಮರ್ ತನಗೆ ತಾನೇ ಗುಂಡು ಹಾರಿಸಿಕೊಂಡ ಮೇಲೆ ನಮ್ಮ ಚರ್ಚಿನಲ್ಲಿ ಸಭೆ ಸೇರಿತ್ತಲ್ಲ, ಅಲ್ಲಿಂದ ಶುರುಮಾಡುತ್ತೇನೆ. ಪಾಸ್ಟರ್ ಜೂಡಿತ್ ಕೇಳಿದ್ದು ಹೆಚ್ಚೇನಲ್ಲ. ಮನಸ್ಸು ಸರಿಯಿಲ್ಲದ ದಿನಗಳಲ್ಲಿ ಯಾರು ಬೇಕಾದರೂ ಬಂದೂಕು ತಂದಿಡಲು ಚರ್ಚಿನ ನೆಲಮಾಳಿಗೆಯಲ್ಲೊಂದು ಕಬ್ಬಿಣದ ಬೀರು. ಅಪಾಯದಲ್ಲಿರುವವರ ಬಂದೂಕನ್ನು ಸ್ವಲ್ಪ ಕಾಲ ತೆಗೆದಿಡಿ ಎಂದು ಮನೆಯವರು ನ್ಯಾಯಾಧೀಶರನ್ನು ಕೇಳಬಹುದಾದ ಮಸೂದೆಗೆ ನಮ್ಮ ಬೆಂಬಲ. ನೀನು ಎದ್ದು ನಿಂತೆ. “ಇವತ್ತು ಬೀರು ಅಂತೀರಿ, ನಾಳೆ ನಮ್ಮನೆಗೇ ಬೀಗ ಜಡೀತೀರಿ! ಡೆಲ್ಮರ್ ಸತ್ತಿದ್ದು ದುಃಖದಿಂದ, ಬಂದೂಕಿಂದಲ್ಲ,” ಎಂದೆ. ಕೈ ಎತ್ತಿ ಮತ ಹಾಕುವ ಹೊತ್ತಿಗೆ ನಾನು ಜೂಡಿತ್ ಪರವಾಗಿ ಎತ್ತಿದೆ, ಅವರ ಮಾತೇ ಗೆದ್ದಿತು. “ಕಟ್ಕೊಂಡ ಹೆಂಡ್ತಿನೇ ಊರೆಲ್ಲಾ ನೋಡೋ ಹಾಗೆ ಹೀಗೆ ಮಾಡಿದ್ಮೇಲೆ ನಂಗಿಲ್ಲೇನಿದೆ?” ಎಂದು ಮರುದಿನ ನೀನು ನಿನ್ನ ಎರಡೂ ಬಂದೂಕುಗಳ ಸಮೇತ ಅಣ್ಣನ ಮನೆಗೆ ಹೊರಟೆ. ಯಾಕೆ ಹಾಗೆ ಮಾಡಿದೆ ಎಂದು ನೀನು ಕೇಳಿದಾಗ ಡೆಲ್ಮರ್‌ಗೋಸ್ಕರ ಎಂದಿದ್ದೆ. ಅದು ಪೂರ್ತಿ ನಿಜವಲ್ಲ.

ಕಳೆದ ಗುರುವಾರ ಚರ್ಚಿನವರೆಲ್ಲ ವ್ಯಾನಿನಲ್ಲಿ ಮ್ಯಾಡಿಸನ್‌ಗೆ ಹೋದೆವು. ಶಾಸನಸಭೆಯ ಸಮಿತಿಯ ಮುಂದೆ ಜೂಡಿತ್ ಚೆನ್ನಾಗಿ ಮಾತಾಡಿದರು. ನಮ್ಮ ಭಾಗದ ಶಾಸಕ ಕ್ವಾಲೆ ಕುರ್ಚಿಗೆ ಒರಗಿಕೊಂಡು, “ಪಾಸ್ಟರ್, ನಮ್ಮ ಊರುಗಳಲ್ಲಿ ಒಬ್ಬರನ್ನೊಬ್ಬರು ನೋಡ್ಕೋತೀವಿ. ಅದಕ್ಕೂ ಕಾನೂನು ಬೇಕಾ?” ಎಂದರು. ಮಾತಾಡಬೇಕಾದವರಲ್ಲಿ ನಾನಿರಲಿಲ್ಲ. ಆದರೂ ಎದ್ದುಬಿಟ್ಟೆ.

“ನೋಡ್ಕೊಳ್ಳೋಕೆ ಮೊದಲು ಗೊತ್ತಾಗ್ಬೇಕಲ್ಲ ಸ್ವಾಮಿ? ನನ್ನ ವಿಷಯ ನನ್ನ ಗಂಡನಿಗೇ ಗೊತ್ತಿಲ್ಲ.”

ಅಲ್ಲಿ ಹೇಳಿದ್ದನ್ನೇ ಈಗ ನಿನಗೂ ಬರೆಯುತ್ತಿದ್ದೇನೆ. ನನ್ನ ತಂಗಿ ಬೆರಿಟ್ ತೀರಿಕೊಂಡ ಚಳಿಗಾಲ ನಿನಗೆ ನೆನಪಿರಬಹುದು. ನನಗೆ ವಾರಗಟ್ಟಲೆ ನಿದ್ದೆಯಿರಲಿಲ್ಲ. ನೀನು ಕೇಳಿದರೆ ಬೆನ್ನುನೋವು ಎನ್ನುತ್ತಿದ್ದೆ. ನೀನು ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯಲು ಹೋದ ಒಂದು ಬೆಳಿಗ್ಗೆ, ಅಡುಗೆಮನೆ ಬಾಗಿಲ ಹಿಂದಿದ್ದ ಬಂದೂಕನ್ನು ತೆಗೆದುಕೊಂಡು ಬಟ್ಟೆ ಒಗೆಯುವ ಕೋಣೆಯಲ್ಲಿ ನೆಲದ ಮೇಲೆ ಕೂತೆ. ಅಷ್ಟರಲ್ಲಿ ಜೂಡಿತ್ ಯಾರದೋ ಶವಸಂಸ್ಕಾರದ ಊಟಕ್ಕೆ ದೊಡ್ಡ ಕಾಫಿ ಪಾತ್ರೆ ಬೇಕೆಂದು ಕೂಗುತ್ತಾ ಹಿತ್ತಲ ಬಾಗಿಲಿಂದ ಒಳಗೆ ಬಂದರು. ನನ್ನನ್ನು ನೋಡಿದರು. ಪಕ್ಕದಲ್ಲಿ ನೆಲದ ಮೇಲೇ ಕೂತರು. ಆಮೇಲೆ ಬಂದೂಕನ್ನು ತಮ್ಮ ಕಾರಿನಲ್ಲಿಟ್ಟು, ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಪಾಸ್ಟರ್ ಬೇಟೆ ಕಲಿಯಲು ಬಂದೂಕು ಒಯ್ದಿದ್ದಾರೆ ಎಂದು ನಿನಗೆ ಸುಳ್ಳು ಹೇಳಿದೆ. ಅವರು ಅದನ್ನು ವಾಪಸ್ ತಂದುಕೊಟ್ಟ ಮೇಲೂ ನೀನು ಎಷ್ಟು ದಿನ ನಗುತ್ತಿದ್ದೆ! ಆ ವರ್ಷವೆಲ್ಲ ಗುರುವಾರ ಗುರುವಾರ ಕೌದಿ ಹೊಲಿಯಲು ಎಂದು ನಾನು ಹೋಗುತ್ತಿದ್ದುದು ಡಾಕ್ಟರ ಬಳಿಗೆ. ಒಂದು ಕೌದಿಯೂ ಮನೆಗೆ ಬರಲಿಲ್ಲ, ನೀನೂ ಕೇಳಲಿಲ್ಲ.

ಒಡಕು ಪಿಂಗಾಣಿಯ ಹಾಗೆ ನನ್ನನ್ನು ಜೋಪಾನ ಮಾಡುತ್ತೀಯೇನೋ ಎಂದು ಹೆದರಿ ಮುಚ್ಚಿಟ್ಟೆ. ನಿನಗೆ ಹೇಳದ್ದನ್ನು ಗುರುತಿಲ್ಲದವರ ಮುಂದೆ ಹೇಳಿಬಿಟ್ಟೆ, ಅದೇ ನನಗೆ ಸಂಕಟ.

ಕ್ವಾಲೆ ಕೊನೆಗೂ ವಿರೋಧವಾಗಿಯೇ ಮತ ಹಾಕಿದರು. ಆದರೂ ಒಂದೇ ಮತದಿಂದ ಮಸೂದೆ ಸಮಿತಿಯನ್ನು ದಾಟಿತು. ಶಾಸನಸಭೆಯನ್ನು ದಾಟುವುದು ಇನ್ನೂ ಬಾಕಿಯಿದೆ. ಹೊರಗೆ ಕ್ವಾಲೆ ನನ್ನ ಕೈ ಹಿಡಿದು, “ನಾನು ಮನೆಗೊಂದು ಫೋನ್ ಮಾಡ್ಬೇಕು,” ಎಂದಷ್ಟೇ ಹೇಳಿ ಅವಸರವಾಗಿ ಹೋದರು. ನಮ್ಮ ಚರ್ಚಿನ ಬೀರುವಿನಲ್ಲೂ ಈ ವಾರ ಕೆಲವರು ಬಂದೂಕು ತಂದಿಟ್ಟರು, ಅವತ್ತಿನ ಸಭೆಯಲ್ಲಿ ನಿನಗೆ ಚಪ್ಪಾಳೆ ತಟ್ಟಿದವರೇ!

ಈಗ ನಾನು ಚೆನ್ನಾಗಿದ್ದೇನೆ, ಆರ್ವಿಡ್. ನಿನ್ನ ಬೇಟೆಯ ಮೇಲೆ ನನಗೆ ಕೋಪವಿಲ್ಲ. ಜಿಂಕೆ ಮಾಂಸದ ಸಾರನ್ನು ನನ್ನಷ್ಟು ಇಷ್ಟಪಟ್ಟು ತಿನ್ನುವವರು ಯಾರಿದ್ದಾರೆ? ನನ್ನ ಮಾತನ್ನು ನೀನು ಒಪ್ಪದಿದ್ದರೂ ಸರಿ. ಮನೆಗೆ ಬಂದು ಜಗಳವಾಡು.

ನಿನ್ನ
ಸೊಲ್ವೇಗ್

ಮತ್ತೆ, ಬುಧವಾರ: ಲಕೋಟೆ ಅಂಟಿಸುತ್ತಿದ್ದಾಗ ಜೂಡಿತ್ ಫೋನ್ ಮಾಡಿದರು. ಬೆಳಿಗ್ಗೆ ನೀನು ಚರ್ಚಿಗೆ ಬಂದಿದ್ದೆಯಂತೆ. ಸಮಿತಿಯ ಮುಂದೆ ನಾನಾಡಿದ ಮಾತನ್ನು ಲೆನರ್ಡನ ರೇಡಿಯೋದ ಸುದ್ದಿಯಲ್ಲಿ ಕೇಳಿದೆಯಂತೆ. ಎರಡು ಬಂದೂಕನ್ನೂ ಬೀರುವಿನಲ್ಲಿಟ್ಟು, “ಜಿಂಕೆ ಬೇಟೆ ಕಾಲಕ್ಕೆ ವಾಪಸ್ ಬೇಕು. ಅಲ್ಲೀವರೆಗೂ ಕೀಲಿ ನಿಮ್ಮತ್ರಾನೇ ಇರ್ಲಿ,” ಎಂದೆಯಂತೆ. ಆಮೇಲೆ ಟೋಪಿ ಕೈಯಲ್ಲಿ ಹಿಡಿದು, “ಅವತ್ತು ನಿಮಗೆ ಕಾಫಿ ಪಾತ್ರೆ ಬೇಕಾಗ್ದೇ ಇದ್ದಿದ್ರೆ?” ಎಂದು ಕೇಳಿ ಅತ್ತೆಯಂತೆ. ಮನೆಗೆ ಬರಲು ಧೈರ್ಯವಾಗದೆ ಇನ್ನೂ ಚರ್ಚಿನ ಅಂಗಳದಲ್ಲಿ ಕಾರಿನೊಳಗೇ ಕೂತಿದ್ದೀಯಂತೆ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ಕೈಯಲ್ಲೇ ತರುತ್ತೇನೆ. ಕೋಟು ಹಾಕಿಕೊಂಡಾಗಿದೆ. ಅಲ್ಲೇ ಇರು, ಬಂದೆ.