ಕಂಪ್ಯೂಟರಿನ ಬಾಯಲ್ಲಿ ಅತ್ತೆಯ ಕೂಗು

ಲೊಕ್ಕನಹಳ್ಳಿ, ನವೆಂಬರ್ ೧೪, ಶುಕ್ರವಾರ

ವಾರದಿಂದ ತಲೆ ಕೆಟ್ಟುಹೋಗಿತ್ತು. ನಾನು ಮಾಡುತ್ತಿರುವ ಗೇಮಿನಲ್ಲಿ ರಾಗಿ ಹೊಲ ಕಾಯುವ ಅಜ್ಜಿಗಾಗಿ ನಮ್ಮತ್ತೆ ಜಡೆಮ್ಮನ ದನಿಯನ್ನು ಕಂಪ್ಯೂಟರಿಗೆ ಕಲಿಸುತ್ತಿದ್ದೆ. ಅದು ಬಾಯಿ ಬಿಟ್ಟರೆ ಬಸ್ ಸ್ಟ್ಯಾಂಡಿನ ಮೈಕು. ದರಿದ್ರದ್ದು!

ಅತ್ತೆಯನ್ನು ರೂಮಿನಲ್ಲಿ ಕೂರಿಸಿ ಕೂಗಿಸಿದರೆ ಇನ್ನೇನಾಗುತ್ತೆ? ಮೊನ್ನೆ ಅವರೇ ರೇಗಿದರು. "ಅತ್ಲಿಂದ ಯಾರೂ ಓ ಅನ್ದೆ ಎಂಗವ್ವಾ ಕೂಗದು?" ನಿಜ. ಇಲ್ಲಿ ಕಾವಲಿನ ಅಟ್ಟಣೆಯಿಂದ ಒಬ್ಬರು ಕೂಗಿದರೆ, ಆಚೆ ಹೊಲದವರು ಓಗೊಟ್ಟ ಮೇಲೇ ಮುಂದಿನ ಮಾತು. ಆಮೇಲೆ ಅತ್ತೆಯನ್ನು ಅಟ್ಟಣೆಗೆ ಹತ್ತಿಸಿ, ಮೈಕನ್ನು ಅಲ್ಲೇ ಕಟ್ಟಿ, ನಾನೇ ಆಚೆ ಬದುವಿನಲ್ಲಿ ನಿಂತು ಓ ಅಂದೆ, ಗಂಟಲು ಕಟ್ಟುವವರೆಗೆ.

ಇವತ್ತು ಸಂಜೆ ಹೊಸ ದನಿ ತಯಾರಾಯಿತು. ಹೊಲದ ಪಕ್ಕದ ನಮ್ಮ ಮನೆ ಜಗಲಿಯಲ್ಲಿ ಸ್ಪೀಕರಿಟ್ಟು, ಅತ್ತೆ ರೆಕಾರ್ಡಿನಲ್ಲಿ ಹೇಳೇ ಇರದ ಒಂದು ಮಾತನ್ನು ಟೈಪ್ ಮಾಡಿದೆ. ಕಂಪ್ಯೂಟರ್ ಕೂಗಿತು: "ಕೇತಯ್ಯಾ, ಬಂದ್ಯಾ?"

ಆಚೆ ಹೊಲದ ಅಟ್ಟಣೆಯಿಂದ, ಕಾವಲಿಗೆ ಬಂದಿದ್ದ ಕೇತಯ್ಯನ ದನಿ ಬಂತು. "ಓ... ಬಂದೆ ಕಣಕ್ಕೋ!"

ಅತ್ತೆ ನನ್ನ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಿದ್ದರು, ತುಟಿ ಎರಡು ಮಾಡಿರಲಿಲ್ಲ. ಕೇತಯ್ಯನಿಗೆ ನಿಜ ಹೇಳೋಣವೆಂದು ಎದ್ದೆ. ಅತ್ತೆ ಸೆರಗಲ್ಲಿ ನಗು ಅದುಮಿಕೊಂಡು ಕೈ ಹಿಡಿದೆಳೆದರು.

"ಏಳ್ಬ್ಯಾಡ ಕಣವ್ವ. ಇನ್ನೊಂದ್ಸಲ ಕೂಗ್ಸು."